ತಕರಾರಿನ ಮೇಲೆ ಹಾಕಿದ ಸಹಿ

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಟೀಚರ್. ಹೋದ ವರ್ಷ ಮಗನ ಮನೆಗೆಂದು ಅಮೆರಿಕಕ್ಕೆ ಹೋದಾಗ ನಾಲ್ಕು ದಿನ ಹವಾಯಿಯನ್ನೂ ನೋಡಿ ಬಂದೆವು. ಹೊನೊಲುಲುವಿನ ಇಯೋಲಾನಿ ಅರಮನೆಯ ಮಹಡಿಯಲ್ಲಿ ಒಂದು ಕೋಣೆ. ಅಲ್ಲಿ ಗಾಜಿನೊಳಗೆ, ನಮ್ಮಜ್ಜಿ ಹೊಲಿಯುತ್ತಿದ್ದಂಥದ್ದೇ ಒಂದು ಕೌದಿ. ಹವಾಯಿ ಬೇರೆಯೇ ರಾಜ್ಯವಾಗಿದ್ದಾಗಿನ ಕೊನೆಯ ರಾಣಿ ಲಿಲಿಯುಓಕಲಾನಿ ಅದೇ ಕೋಣೆಯಲ್ಲಿ ಕೈದಿಯಾಗಿದ್ದಾಗ ಹೊಲಿದದ್ದಂತೆ. ಜೊತೆಗಿದ್ದ ಮೊಮ್ಮಗಳು, ಆರನೇ ಕ್ಲಾಸಿನವಳು, "ಅಜ್ಜಿ, ಕಿತ್ತೂರು ಚೆನ್ನಮ್ಮ ಫೈಟ್ ಮಾಡಿದ್ಳು ಅಂತ ಹೇಳ್ತೀಯಲ್ಲ, ಈ ಕ್ವೀನ್ ಯಾಕೆ ಫೈಟ್ ಮಾಡ್ಲಿಲ್ಲ?" ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಈಗ ನಮ್ಮ ಮಹಿಳಾ ಸಮಾಜದಲ್ಲಿ ಈ ರಾಣಿಯ ಬಗ್ಗೆ ಅರ್ಧ ಗಂಟೆ ಮಾತಾಡಲು ಬೇರೆ ಒಪ್ಪಿಕೊಂಡುಬಿಟ್ಟಿದ್ದೇನೆ. ಹುಡುಕಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಂದು ಗುಂಡೂ ಹಾರಿಸದೆ ರಾಜ್ಯ ಬಿಟ್ಟುಕೊಟ್ಟ ಹೇಡಿ ಅಂತ ಕೆಲವರು. ಲಾಟರಿಗೂ ಅಫೀಮಿಗೂ ಸಹಿ ಹಾಕಿದವಳು ಅಂತ ಕೆಲವರು. ವಿರೋಧಿಗಳ ತಲೆ ಕಡಿಸುತ್ತೇನೆ ಅಂದಿದ್ದಳಂತೆ. 'ಅಲೋಹಾ ಓಯ್' ಹಾಡನ್ನು ಸೆರೆಯಲ್ಲಿ ಅಳುತ್ತಾ ಬರೆದಳಂತೆ. ಇದರಲ್ಲಿ ಯಾವುದು ನಿಜ? ಮೊಮ್ಮಗಳಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ. ಆದರೆ ನಿಮ್ಮನ್ನು ಕಾಡುತ್ತಿರುವುದು ಮೊಮ್ಮಗಳು ಕೇಳಿದ್ದೊಂದೇ. ಕೌದಿ ನೋಡಿ ಮನಸ್ಸು ಕರಗಿತು, ಆಮೇಲೆ ಹೇಡಿಯೊಬ್ಬಳನ್ನು ಸುಮ್ನೆ ಮೆಚ್ಚಿಕೊಂಡುಬಿಟ್ಟೆನಾ ಎಂಬ ಅಳುಕು ಶುರುವಾಯಿತು. ಹೌದಲ್ವಾ?

ನಾನು ಇತಿಹಾಸದ ಮೇಷ್ಟ್ರಲ್ಲ. ಪತ್ರಾಗಾರದಲ್ಲಿ ಕೆಲಸ ಮಾಡಿದವನು. ಮೂವತ್ತು ವರ್ಷ ಹಳೆಯ ಅರ್ಜಿ, ಜಮೀನಿನ ತಕರಾರು, ಸಂಸ್ಥಾನಗಳ ಪತ್ರವ್ಯವಹಾರ ಇವನ್ನೇ ಬಿಚ್ಚಿ, ಧೂಳು ಕೊಡವಿ, ಓದಿ, ಮತ್ತೆ ಕಟ್ಟಿಟ್ಟಿದ್ದೇನೆ. ಆ ಕೆಲಸದಲ್ಲಿ ಒಂದು ಚಾಳಿ ಅಂಟಿಕೊಳ್ಳುತ್ತದೆ. ಕಾಗದ ಕೈಗೆ ಬಂದರೆ ಮೊದಲು ಒಕ್ಕಣೆ ಓದುವುದಿಲ್ಲ. ಯಾರಿಗೆ ಬರೆದದ್ದು, ಯಾವ ಹೆಸರಿನಲ್ಲಿ ಸಹಿ, ಯಾರು ಯಾವತ್ತು ತೆಗೆದುಕೊಂಡರು ಎಂದು ನೋಡುತ್ತೇವೆ. ಈ ರಾಣಿಯ ಕಥೆಗೆ ಆ ಚಾಳಿ ಚೆನ್ನಾಗಿ ಒದಗುತ್ತದೆ. ಅವರು ಕಾದಾಡಿದ್ದೆಲ್ಲ ಕಾಗದದ ಮೇಲೆ.

ಮೊದಲು ಸುಲಭದ್ದನ್ನು ಮುಗಿಸೋಣ. 'ಅಲೋಹಾ ಓಯ್' ಸೆರೆಮನೆಯ ಹಾಡಲ್ಲ. ಅದು 1878ರ ಹೊತ್ತಿನದು, ಅವರು ರಾಣಿಯಾಗುವುದಕ್ಕೂ ಹನ್ನೆರಡು ಹದಿಮೂರು ವರ್ಷ ಮೊದಲು. ಓಆಹು ದ್ವೀಪದ ಮೌನಾವಿಲಿ ಎಂಬಲ್ಲಿ ಒಂದು ತೋಟದ ಮನೆಗೆ ಹೋಗಿ ಕುದುರೆಯ ಮೇಲೆ ಹಿಂತಿರುಗುವಾಗ, ಗುಂಪಿನವನೊಬ್ಬನನ್ನು ಒಬ್ಬ ಹುಡುಗಿ ತಬ್ಬಿಕೊಂಡು ಬೀಳ್ಕೊಟ್ಟಳು. ಅದನ್ನು ನೋಡಿ ದಾರಿಯಲ್ಲೇ ರಾಗ ಗುನುಗಿಕೊಂಡರು. ಹೀಗೆ ಹುಟ್ಟಿದ ಪ್ರೇಮಗೀತೆ ಅದು. ಮತ್ತೆ ಸೆರೆಯ ಕಥೆ ಎಲ್ಲಿಂದ ಬಂತು? ಸೆರೆಯಲ್ಲಿದ್ದಾಗ ಅವರು ತಮ್ಮ ಹಳೆಯ ಹಾಡುಗಳನ್ನು ಸ್ವರ ಸಮೇತ ಬರೆದಿಟ್ಟುಕೊಂಡರು. ಅದರಲ್ಲಿ ಇದೂ ಒಂದು. ಸೆರೆಯಲ್ಲೇ ಕಟ್ಟಿದ ಹಾಡು ಬೇರೆ ಇದೆ. ಅದೊಂದು ಪ್ರಾರ್ಥನೆ, 1895ರ ಮಾರ್ಚ್‌ನದು. ತಮ್ಮನ್ನು ಸೆರೆಯಲ್ಲಿಟ್ಟವರನ್ನೂ ಕ್ಷಮಿಸು ಎಂದು ಬೇಡುವಂಥದ್ದು. ಹವಾಯಿಯ ಚರ್ಚುಗಳಲ್ಲಿ ಇವತ್ತಿಗೂ ಹಾಡುತ್ತಾರೆ.

ಇನ್ನು ಹೆಸರು. ಭಾಷಣದಲ್ಲಿ ನಾಲಿಗೆ ತೊಡರಬಾರದಲ್ಲ, ಲಿಲಿಯು-ಓ-ಕಲಾನಿ ಎಂದು ಬಿಡಿಸಿ ಹೇಳಿ. ಹುಟ್ಟಿದ್ದು 1838ರ ಸೆಪ್ಟೆಂಬರ್ 2ರಂದು, ಹೊನೊಲುಲುವಿನಲ್ಲಿ. ಆಗ ರಾಜಮನೆತನದ ಹಿರಿಯ ಹೆಂಗಸೊಬ್ಬರಿಗೆ ಕಣ್ಣುಬೇನೆ ಬಂದಿತ್ತು. ಅದೇ ನೆಪದಲ್ಲಿ ಕೂಸಿಗೆ ಇಟ್ಟ ಹೆಸರುಗಳ ಅರ್ಥ ಉರಿ, ಕಣ್ಣೀರು, ಸುಡುವ ನೋವು, ನೋಯುವ ಕಣ್ಣು! ನಮ್ಮಲ್ಲೂ ದೃಷ್ಟಿಯಾಗದಿರಲಿ ಎಂದು ತಿಪ್ಪ, ಗುಂಡ ಎಂದು ಕರೆಯುತ್ತಿದ್ದರು, ಆದರೆ ಕಾರಣ ಬೇರೆ. ಅಲ್ಲಿ ಹುಟ್ಟಿದ ಹೊತ್ತಿನ ಘಟನೆಯನ್ನೇ ಹೆಸರಾಗಿ ಕಟ್ಟುವ ವಾಡಿಕೆ. ಹುಟ್ಟಿದ ಕೂಸನ್ನು ಇನ್ನೊಂದು ಮನೆಗೆ ಸಾಕಲು ಕೊಡುವ ಪದ್ಧತಿಯೂ ಇತ್ತು. ಇವರು ಬೆಳೆದದ್ದು ಹಾಗೇ, ಸಾಕುಮನೆಯಲ್ಲಿ. ಮಿಷನರಿಗಳು ನಡೆಸುತ್ತಿದ್ದ, ರಾಜಮನೆತನದ ಮಕ್ಕಳಿಗೆಂದೇ ಇದ್ದ ಶಾಲೆಯಲ್ಲಿ ಓದಿದರು. ಇಂಗ್ಲಿಷು, ಸಂಗೀತ, ಬೈಬಲ್ ಎಲ್ಲ ಕರಗತ. 1862ರಲ್ಲಿ ಜಾನ್ ಡೊಮಿನಿಸ್ ಎಂಬ ಬಿಳಿಯನ ಜೊತೆ ಮದುವೆ. ಗಂಡನ ಮನೆಗೆ ವಾಷಿಂಗ್ಟನ್ ಪ್ಲೇಸ್ ಎಂದು ಹೆಸರು. ಅಲ್ಲಿ ಅತ್ತೆ ಇವರನ್ನು ಬಹಳ ಕಾಲ ಹೊರಗಿನವಳಂತೆಯೇ ನೋಡಿದರು. ಇದನ್ನು ರಾಣಿ ತಾವೇ ಬರೆದುಕೊಂಡಿದ್ದಾರೆ. ಮಹಿಳಾ ಸಮಾಜದಲ್ಲಿ ಈ ಒಂದು ಮಾತಿಗೆ ತಲೆಯಾಡಿಸುವವರು ಜಾಸ್ತಿ ಇರುತ್ತಾರೆ, ಬಿಡಬೇಡಿ.

ಅಣ್ಣ ಕಲಾಕೌವಾ 1874ರಲ್ಲಿ ರಾಜನಾದ. ವಂಶದಿಂದ ಬಂದ ಪಟ್ಟವಲ್ಲ, ಶಾಸನಸಭೆಯಲ್ಲಿ ಮತ ಹಾಕಿ ಆರಿಸಿದ್ದು. 1877ರಲ್ಲಿ ಇವರು ಉತ್ತರಾಧಿಕಾರಿಯಾದರು. 1881ರಲ್ಲಿ ಕಲಾಕೌವಾ ಪ್ರಪಂಚ ಸುತ್ತಲು ಹೊರಟ. ಕಲ್ಕತ್ತಾಗೆ ಬಂದು, ಅಲ್ಲಿಂದ ರೈಲಿನಲ್ಲಿ ಬೊಂಬಾಯಿಗೂ ಹೋಗಿದ್ದ. ಆಗ ರಾಜ್ಯ ನೋಡಿಕೊಂಡವರು ತಂಗಿ. ಅದೇ ಹೊತ್ತಿಗೆ ಸಿಡುಬು ಬಂತು. ಇವರು ಬಂದರನ್ನೇ ಮುಚ್ಚಿಸಿದರು. ವ್ಯಾಪಾರಿಗಳು, ಕಬ್ಬಿನ ತೋಟದವರು ಗೊಣಗಿದರೂ ಜಗ್ಗಲಿಲ್ಲ. ಈ ಹೆಂಗಸು ಹೇಳಿದ ಹಾಗೆ ಕೇಳುವವಳಲ್ಲ ಎಂದು ತೋಟದ ಧಣಿಗಳಿಗೆ ಗೊತ್ತಾದದ್ದು ಆಗಲೇ.

ತೋಟದ ಧಣಿಗಳು ಅಂದೆನಲ್ಲ, ಕಥೆಯ ಬೇರು ಅಲ್ಲೇ ಇದೆ. ಹವಾಯಿಯ ರಾಜಕೀಯವನ್ನು ಅರ್ಥ ಮಾಡಿಕೊಳ್ಳಲು ಸಕ್ಕರೆಯ ಲೆಕ್ಕ ನೋಡಿದರೆ ಸಾಕು. 1875ರಲ್ಲಿ ಅಮೆರಿಕದ ಜೊತೆ ಒಂದು ಒಪ್ಪಂದವಾಯಿತು. ಹವಾಯಿಯ ಸಕ್ಕರೆಗೆ ಅಲ್ಲಿ ಸುಂಕವಿಲ್ಲ. ಹದಿನೈದು ವರ್ಷದಲ್ಲಿ ರಫ್ತು ಹತ್ತು ಪಟ್ಟಿನಷ್ಟು ಏರಿತು. ತೋಟಗಳ ಒಡೆತನ ಬಹುಪಾಲು ಅಮೆರಿಕ, ಯುರೋಪ್ ಮೂಲದವರದು. ಎಷ್ಟೋ ಜನ ಮಿಷನರಿಗಳ ಮಕ್ಕಳು, ಮೊಮ್ಮಕ್ಕಳು. ದುಡ್ಡು ಬಂದ ಮೇಲೆ ಅಧಿಕಾರವೂ ಬೇಕಾಯಿತು. 1887ರಲ್ಲಿ, ನಮ್ಮ ಲಿಲಿಯುಓಕಲಾನಿ, ವಿಕ್ಟೋರಿಯಾ ಮಹಾರಾಣಿಯ ಆಳ್ವಿಕೆಯ ಐವತ್ತರ ಸಂಭ್ರಮಕ್ಕೆಂದು ಲಂಡನ್ನಿಗೆ ಹೋಗಿದ್ದ ಸಮಯದಲ್ಲಿ, ಬಂದೂಕು ಹಿಡಿದ ತಂಡದ ಬಲದಿಂದ ರಾಜನ ಕೈಯಲ್ಲಿ ಹೊಸ ಸಂವಿಧಾನಕ್ಕೆ ಸಹಿ ಹಾಕಿಸಿಕೊಂಡರು. ಜನ ಅದನ್ನು 'ಬಯೊನೆಟ್ ಸಂವಿಧಾನ', ಅಂದರೆ ಬಂದೂಕಿನ ತುದಿಯ ಕತ್ತಿಯ ಸಂವಿಧಾನ ಎಂದೇ ಕರೆದರು. ಅದರ ಪ್ರಕಾರ ಆಸ್ತಿಯೋ ವರಮಾನವೋ ಇಲ್ಲದವರಿಗೆ ಮೇಲ್ಮನೆಯ ಮತವಿಲ್ಲ, ಏಷ್ಯಾದವರಿಗೆ ಯಾವ ಮತವೂ ಇಲ್ಲ. ಅಮೆರಿಕ, ಯುರೋಪಿನ ಬಿಳಿಯರಿಗೆ ಮಾತ್ರ ಹವಾಯಿಯ ಪ್ರಜೆಗಳಾಗದೆಯೂ ಮತ ಇದೆ! ಇದಕ್ಕೆ ಶಾಸನಸಭೆಯ ಒಪ್ಪಿಗೆ ಇರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1890ರಲ್ಲಿ ಅಮೆರಿಕ ತನ್ನ ಸುಂಕದ ಕಾನೂನು ಬದಲಿಸಿತು. ಎಲ್ಲ ದೇಶಗಳ ಸಕ್ಕರೆಗೂ ಸುಂಕ ತೆಗೆದು, ತನ್ನ ದೇಶದಲ್ಲೇ ಬೆಳೆದವರಿಗೆ ಪೌಂಡಿಗೆ ಎರಡು ಸೆಂಟ್ ಕೊಡುತ್ತೇನೆ ಅಂದಿತು. ಹವಾಯಿಯ ಲಾಭ ಒಂದೇ ಏಟಿಗೆ ನೆಲಕ್ಕೆ ಬಿತ್ತು. ಹವಾಯಿಯೇ ಅಮೆರಿಕಕ್ಕೆ ಸೇರಿಬಿಟ್ಟರೆ ಆ ಎರಡು ಸೆಂಟು ನಮಗೂ ಸಿಗುತ್ತದಲ್ಲ ಎಂದು ಕೆಲವರು ಲೆಕ್ಕ ಹಾಕಿದರು. ಕೂಲಿಯಾಳುಗಳ ಕಾನೂನಿಗೆ ತೊಂದರೆ ಆದೀತೆಂದು ಸೇರುವುದು ಬೇಡ ಅಂದ ತೋಟದವರೂ ಇದ್ದರು. ಎಲ್ಲವನ್ನೂ ಸಕ್ಕರೆ ಧಣಿಗಳ ತಲೆಗೇ ಕಟ್ಟಬೇಡಿ. ಲಾರಿನ್ ಥರ್ಸ್ಟನ್ ಎಂಬ ವಕೀಲ, ಇಂಥವನೇ ಇನ್ನಷ್ಟು ಜನ ಪಟ್ಟಣದವರು ಮುಂದಾಳುಗಳಾಗಿದ್ದರು. ಹಾಗೇ ಇನ್ನೊಂದು ಗೊಂದಲ. ಅನಾನಸ್ ಡಬ್ಬಿಯ ಮೇಲಿನ ಡೋಲ್ ಬೇರೆ, ರಾಣಿಯ ನಂತರ ಅಧ್ಯಕ್ಷನಾದ ಸ್ಯಾನ್‌ಫೋರ್ಡ್ ಡೋಲ್ ಬೇರೆ. ಸಂಬಂಧಿಕರು ನಿಜ, ಆದರೆ ಅನಾನಸ್ ಕಂಪನಿ ಹುಟ್ಟಿದ್ದು 1901ರಲ್ಲಿ.

ಕಲಾಕೌವಾ 1891ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತೀರಿಕೊಂಡ. ಹೆಣ ಹೊತ್ತ ಹಡಗು ಬಂದರಿಗೆ ಬಂದಾಗಲೇ ತಂಗಿಗೆ ಸುದ್ದಿ. ಅದೇ ದಿನ, ಜನವರಿ 29ರಂದು, ಅತ್ತ ಕಣ್ಣು ಆರುವ ಮೊದಲೇ ಆ ಬಯೊನೆಟ್ ಸಂವಿಧಾನದ ಮೇಲೇ ಪ್ರಮಾಣ ಮಾಡಿಸಿದರು. ಆಗಸ್ಟ್‌ನಲ್ಲಿ ಗಂಡನೂ ಹೋದರು. ಎರಡು ವರ್ಷವೂ ತುಂಬದ ಆಳ್ವಿಕೆ ಶುರುವಾದದ್ದು ಹೀಗೆ.

ಲಾಟರಿ, ಅಫೀಮು ಎರಡೂ ನಿಜ. 1893ರ ಜನವರಿಯಲ್ಲಿ ಆ ಮಸೂದೆಗಳಿಗೆ ರಾಣಿ ಸಹಿ ಹಾಕಿದರು. ಸಕ್ಕರೆ ಬಿದ್ದು ಬೊಕ್ಕಸ ಬರಿದಾಗಿತ್ತು, ಲಾಟರಿ ಕಂಪನಿ ವರ್ಷಕ್ಕೆ ಐದು ಲಕ್ಷ ಡಾಲರ್ ಕೊಡುವುದಾಗಿ ಹೇಳಿತ್ತು. ಅಫೀಮಿನ ಕಳ್ಳಸಾಗಣೆ ತಡೆಯಲು ಆಗದೆ ಲೈಸೆನ್ಸ್ ಕೊಡೋಣ ಎಂಬ ವಾದವಿತ್ತು. ಎರಡೂ ಶಾಸನಸಭೆಯಲ್ಲಿ ಪಾಸಾಗಿ ಬಂದವು. ಅದೇ ಕಾಲಕ್ಕೆ ನಮ್ಮಲ್ಲಿ ಬ್ರಿಟಿಷ್ ಸರ್ಕಾರ ಅಫೀಮನ್ನು ತಾನೇ ಮಾರುತ್ತಿತ್ತು ಎನ್ನುವುದೂ ಗೊತ್ತಿರಲಿ. ಆದರೂ ನನ್ನನ್ನು ಕೇಳಿದರೆ ಲಾಟರಿಗೆ ಸಹಿ ಹಾಕಿದ್ದು ತಪ್ಪು. ಚರ್ಚಿನವರು, ಒಳ್ಳೆಯ ಹೆಂಗಸರು, ತಟಸ್ಥವಾಗಿದ್ದ ಎಷ್ಟೋ ಜನ ಅದರಿಂದ ದೂರವಾದರು. ಆದರೆ ಸಿಂಹಾಸನ ಹೋಗಿದ್ದು ಆ ಕಾರಣಕ್ಕಲ್ಲ.

ಹೋಗಿದ್ದು ಸಂವಿಧಾನದ ಕಾರಣಕ್ಕೆ. ಹೊಸ ಸಂವಿಧಾನ ಕೊಡಿ ಎಂದು ರಾಣಿಗೆ ಅರ್ಜಿಗಳ ಮೇಲೆ ಅರ್ಜಿ ಬಂದಿದ್ದವು. ನೋಂದಾಯಿತ ಮತದಾರರಲ್ಲಿ ಮೂರನೇ ಎರಡು ಪಾಲು ಜನ ಸಹಿ ಹಾಕಿದ್ದರು ಎಂದು ರಾಣಿಯೇ ಲೆಕ್ಕ ಕೊಟ್ಟಿದ್ದಾರೆ. 1893ರ ಜನವರಿ 14, ಶನಿವಾರ. ಶಾಸನಸಭೆ ಮುಗಿಸಿ ಅರಮನೆಗೆ ಬಂದರು. ಕರಡು ಸಿದ್ಧವಿತ್ತು. ಪ್ರಜೆಗಳಿಗೆ ಮಾತ್ರ ಮತ, ರಾಣಿಗೆ ಹೆಚ್ಚು ಅಧಿಕಾರ. ಹೌದು, ಅವರ ಅಧಿಕಾರವೂ ಅದರಲ್ಲಿ ಏರುತ್ತಿತ್ತು. ಅದನ್ನು ಮುಚ್ಚಿಡುವುದು ಬೇಡ. ಮಂತ್ರಿಗಳು ಸಹಿ ಹಾಕಲು ಹೆದರಿ ಹಿಂದೆ ಸರಿದರು. ಹೊರಗೆ ಜನ ಕಾಯುತ್ತಿದ್ದರು. ರಾಣಿ ಹೊರಬಂದು, ಈಗ ಆಗುತ್ತಿಲ್ಲ, ಮನೆಗೆ ಹೋಗಿ ಎಂದರು.

ಸಂವಿಧಾನ ತಿದ್ದಲು ಶಾಸನಸಭೆಯ ದಾರಿ ಹಿಡಿಯಬೇಕಿತ್ತು, ಅದನ್ನು ಬಿಟ್ಟು ರಾಣಿ ಕಾನೂನು ಮುರಿದರು ಎಂದು ವಿರೋಧಿಗಳು ಕೂಗಿದರು. ಕಾನೂನಿನ ಅಕ್ಷರ ನೋಡಿದರೆ ಅವರ ಮಾತಿನಲ್ಲಿ ಹುರುಳಿದೆ. ಆದರೆ ಆ ಕಾನೂನನ್ನು ತಂದವರು ಯಾರು, ಹೇಗೆ ತಂದರು? ನೆನಪಿಟ್ಟುಕೊಳ್ಳಿ ಅಂದಿದ್ದು ಇದಕ್ಕೇ.

ಹದಿಮೂರು ಜನರ ಒಂದು 'ರಕ್ಷಣಾ ಸಮಿತಿ' ಹುಟ್ಟಿಕೊಂಡಿತು. ಅಮೆರಿಕದ ರಾಯಭಾರಿ ಜಾನ್ ಸ್ಟೀವನ್ಸ್ ಅವರ ಕಡೆ. ಬಂದರಿನಲ್ಲಿ ಬೋಸ್ಟನ್ ಎಂಬ ಯುದ್ಧನೌಕೆ ನಿಂತಿತ್ತು. ಸೋಮವಾರ 16ರ ಸಂಜೆ ಅದರಿಂದ 162 ಜನ ಶಸ್ತ್ರಸಜ್ಜಿತರು ಇಳಿದರು. ಅಮೆರಿಕನ್ನರ ಜೀವ, ಆಸ್ತಿ ಕಾಯಲು ಎಂದು ಹೆಸರು. ಬೀಡು ಬಿಟ್ಟದ್ದು ಮಾತ್ರ ಸರ್ಕಾರಿ ಕಟ್ಟಡ, ಅರಮನೆ ಎರಡಕ್ಕೂ ಹತ್ತಿರದಲ್ಲಿ. ಮಾರನೇ ದಿನ ಮಧ್ಯಾಹ್ನ ಸಮಿತಿಯವರು ಸರ್ಕಾರಿ ಕಟ್ಟಡದ ಮುಂದೆ ನಿಂತು ರಾಜಪ್ರಭುತ್ವ ಮುಗಿಯಿತು ಎಂದು ಘೋಷಣೆ ಓದಿದರು. ಪೊಲೀಸ್ ಠಾಣೆ, ಸೈನಿಕರ ಬ್ಯಾರಕ್ಕು ಇನ್ನೂ ರಾಣಿಯ ಕೈಯಲ್ಲೇ ಇದ್ದಾಗ ಸ್ಟೀವನ್ಸ್ ಹೊಸ ಸರ್ಕಾರಕ್ಕೆ ಮಾನ್ಯತೆ ಕೊಟ್ಟುಬಿಟ್ಟ. ಆ ದಿನ ರಕ್ತ ಹರಿದದ್ದು ಒಬ್ಬ ಪೊಲೀಸಿನವನದು, ಬಂದೂಕು ಸಾಗಿಸುತ್ತಿದ್ದ ಗಾಡಿ ತಡೆಯಲು ಹೋಗಿ ಗುಂಡೇಟು ತಿಂದ.

ಈಗ ನಿಮ್ಮ ಮೊಮ್ಮಗಳ ಪ್ರಶ್ನೆ. 17ರ ಆ ಸಂಜೆ, 54 ವರ್ಷದ ರಾಣಿಯ ಮುಂದೆ ಏನೇನು ದಾರಿಗಳಿದ್ದವು?

ಹೋರಾಡಬಹುದಿತ್ತು. ಕಾವಲುಪಡೆ, ಪೊಲೀಸರು ಸೇರಿ ಕೆಲವು ನೂರು ಜನ, ತಕ್ಕಮಟ್ಟಿಗೆ ಬಂದೂಕುಗಳಿದ್ದವು. ಹದಿಮೂರು ಜನರ ಸಮಿತಿಯಷ್ಟೇ ಎದುರಿಗಿದ್ದರೆ ಒಂದು ದಿನದ ಕೆಲಸ. ಆದರೆ ಮೊದಲ ಗುಂಡು ಅಮೆರಿಕದ ಸಮವಸ್ತ್ರಕ್ಕೆ ತಗುಲಿದರೆ ಅದು ಅಮೆರಿಕದ ಮೇಲೆ ಸಾರಿದ ಯುದ್ಧ. ಆಮೇಲೆ ಬೋಸ್ಟನ್ ನೌಕೆಯ ಫಿರಂಗಿಗಳು ಸುಮ್ಮನಿರುವುದಿಲ್ಲ. ಇನ್ನೊಂದು ಲೆಕ್ಕವೂ ಇತ್ತು. ಹೊರಗಿನವರು ತಂದ ರೋಗಗಳಿಂದ ಸತ್ತು ಸತ್ತು, ಒಂದು ಕಾಲಕ್ಕೆ ಲಕ್ಷಗಟ್ಟಲೆ ಇದ್ದ ಹವಾಯಿಯನ್ನರು 1890ರ ಗಣತಿಯಲ್ಲಿ, ಮಿಶ್ರ ಮೂಲದವರೂ ಸೇರಿ, 40 ಸಾವಿರದಷ್ಟೇ ಉಳಿದಿದ್ದರು. ಅಂಥ ಜನರಲ್ಲಿ ಐನೂರು ಗಂಡಸರು ಸತ್ತರೆ ಏನರ್ಥ ಎಂದು ಯೋಚಿಸಿ.

ಹೋರಾಡಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಹವಾಯಿಯೂ ಸೇರಿದ ಪಾಲಿನೇಷ್ಯಾ ದ್ವೀಪಗಳಲ್ಲೇ ಇನ್ನೊಬ್ಬ ರಾಣಿಯ ಕಥೆ ಇದೆ. ತಹಿತಿಯ ನಾಲ್ಕನೇ ಪೊಮಾರೆ. 1840ರ ದಶಕದಲ್ಲಿ ಫ್ರೆಂಚರು ಆಕೆಯ ದ್ವೀಪವನ್ನು ಕೈಗೆ ತೆಗೆದುಕೊಂಡಾಗ ಆಕೆ ರಾಯಾಟೆಯಾ ದ್ವೀಪಕ್ಕೆ ಹೋಗಿ ಕೂತರು. ಜನ ಕಾಡು ಬೆಟ್ಟ ಹಿಡಿದು ಮೂರು ವರ್ಷದ ಹತ್ತಿರ ಕಾದಾಡಿದರು. ಕೊನೆಗೆ 1847ರಲ್ಲಿ ಪೊಮಾರೆ ವಾಪಸು ಬಂದದ್ದು ಫ್ರೆಂಚರ ಅಧೀನದಲ್ಲೇ. 1880ರಲ್ಲಿ ರಾಜ್ಯವೇ ಫ್ರಾನ್ಸಿನ ಪಾಲಾಯಿತು.

ಚೆನ್ನಮ್ಮನ ಹೋಲಿಕೆಗೆ ಒಂದೇ ಮಾತು. ಕಿತ್ತೂರಿನ ಹಿಂದೆ ಕೋಟೆಯಿತ್ತು, ಕಾದಾಡಿ ಪಳಗಿದ ಜನವಿತ್ತು. ಆಕೆಯೂ ಕತ್ತಿ ಹಿಡಿಯುವ ಮೊದಲು ಬೊಂಬಾಯಿಗೆ ಪತ್ರ ಬರೆದೇ ನೋಡಿದ್ದು. ಅದನ್ನು ನಾವು ಮಕ್ಕಳಿಗೆ ಹೇಳುವುದು ಕಮ್ಮಿ.

ಎರಡನೇ ದಾರಿ, ಸಮಿತಿಗೇ ಶರಣಾಗುವುದು. ಜೀವಕ್ಕೆ ಅಪಾಯವಿಲ್ಲ, ಪಿಂಚಣಿಯೂ ಸಿಗಬಹುದಿತ್ತು. ಆದರೆ ಹಾಗೆ ಮಾಡಿದರೆ ಆ ಹದಿಮೂರು ಜನರನ್ನು ಸರ್ಕಾರವೆಂದು ರಾಣಿಯೇ ಒಪ್ಪಿದಂತೆ. ಕೇಸು ಅಲ್ಲಿಗೇ ಮುಗಿಯಿತು.

ಮೂರನೆಯದನ್ನು ಅವರು ಆರಿಸಿಕೊಂಡರು. ತಕರಾರು ಸಮೇತ ಬಿಟ್ಟುಕೊಡುವುದು. ನಿಮ್ಮ ಮನೆಗೆ ಅಮೀನ ಬಂದು ಜಪ್ತಿ ಮಾಡುವಾಗ ಕೈ ಮಿಲಾಯಿಸದೆ, 'ಬಲವಂತಕ್ಕೆ ಬಿಟ್ಟುಕೊಟ್ಟಿದ್ದೇನೆ, ನನ್ನ ಹಕ್ಕು ಬಿಟ್ಟಿಲ್ಲ' ಎಂದು ಬರೆದುಕೊಟ್ಟು ಮೇಲಿನ ಕೋರ್ಟಿಗೆ ಹೋಗುತ್ತೀರಲ್ಲ, ಹಾಗೆ. ಆ ಪತ್ರವನ್ನು ನಿಧಾನವಾಗಿ ಓದಬೇಕು. ಅಧಿಕಾರ ಬಿಟ್ಟುಕೊಡುತ್ತಿರುವುದು ಯಾರಿಗೆ? ಸಮಿತಿಗಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ಮೇಲುಗೈಯಾದ ಬಲಕ್ಕೆ. ಯಾಕೆ? ಸೈನ್ಯಗಳು ಘರ್ಷಣೆಗೆ ಇಳಿದು ಜೀವಹಾನಿ ಆಗಬಾರದೆಂದು. ಎಲ್ಲಿಯವರೆಗೆ? ಅಮೆರಿಕದ ಸರ್ಕಾರ ನಡೆದದ್ದನ್ನು ತಿಳಿದು, ತನ್ನ ಪ್ರತಿನಿಧಿ ಮಾಡಿದ್ದನ್ನು ರದ್ದು ಮಾಡಿ, ತನ್ನನ್ನು ಮತ್ತೆ ಕೂರಿಸುವವರೆಗೆ. ಮೂರೇ ಮಾತಿನಲ್ಲಿ ಹದಿಮೂರು ಜನರನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ದೊಡ್ಡವರನ್ನೇ ಪ್ರತಿವಾದಿ ಮಾಡಿಬಿಟ್ಟರು.

ಪತ್ರಾಗಾರದವನಾಗಿ ನನಗೆ ಬಹಳ ಇಷ್ಟವಾದದ್ದು ಆ ಕಾಗದದ ಮೇಲಿನ ಇನ್ನೊಂದು ಸಾಲು. ಮಂತ್ರಿಗಳ ಕೈಯಿಂದ ಅದನ್ನು ತೆಗೆದುಕೊಂಡ ಸ್ಯಾನ್‌ಫೋರ್ಡ್ ಡೋಲ್, 'ಇಂಥ ದಿನ ತಲುಪಿತು' ಎಂದು ಬರೆದು ಸಹಿ ಹಾಕಿದ. ಇದರಲ್ಲಿ ಹೇಳಿರುವುದನ್ನು ನಾವು ಒಪ್ಪುವುದಿಲ್ಲ ಎಂದು ಒಂದು ಅಕ್ಷರ ಸೇರಿಸಲಿಲ್ಲ! ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟು, ನಕಲಿನ ಮೇಲೆ ಠಸ್ಸೆ ಹಾಕಿಸಿಕೊಂಡು ಬರುವವರಿಗೆ ಇದರ ಬೆಲೆ ಗೊತ್ತು. ಡೋಲ್ ವಕೀಲ, ಹೈಕೋರ್ಟಿನಂಥ ದೊಡ್ಡ ಕೋರ್ಟಿನಲ್ಲಿ ನ್ಯಾಯಾಧೀಶನಾಗಿದ್ದವನು. ಅಂದಿನ ಗಡಿಬಿಡಿಯಲ್ಲಿ ಎಡವಿದ. ಮುಂದೆ ಅಮೆರಿಕದ ಅಧ್ಯಕ್ಷರೇ ಈ ಅಂಶವನ್ನು ಎತ್ತಿ ತೋರಿಸಿದರು.

ಹೀಗೆ ಬರೆದುಕೊಟ್ಟರೆ ರಾಜ್ಯ ವಾಪಸು ಬರುತ್ತದೆ ಎಂದು ನಂಬಲು ರಾಣಿಗೆ ಕಾರಣವಿತ್ತಾ? ಇತ್ತು. ಅವರು ನಾಲ್ಕೈದು ವರ್ಷದ ಹುಡುಗಿಯಾಗಿದ್ದಾಗಲೇ ನಡೆದಿತ್ತು. 1843ರ ಫೆಬ್ರವರಿಯಲ್ಲಿ ಜಾರ್ಜ್ ಪಾಲೆಟ್ ಎಂಬ ಬ್ರಿಟಿಷ್ ಕ್ಯಾಪ್ಟನ್ ಫಿರಂಗಿ ತೋರಿಸಿ ಹವಾಯಿಯನ್ನು ಕಿತ್ತುಕೊಂಡ. ಆಗಿನ ರಾಜ ಮೂರನೇ ಕಮೆಹಮೆಹಾ ತಕರಾರು ಬರೆದು ಬಿಟ್ಟುಕೊಟ್ಟು, ಲಂಡನ್ನಿಗೆ ದೂರು ಕಳಿಸಿದ. ಐದು ತಿಂಗಳಲ್ಲಿ ಅಡ್ಮಿರಲ್ ರಿಚರ್ಡ್ ಥಾಮಸ್ ಬಂದು, ಜುಲೈ 31ರಂದು ಬಾವುಟ ವಾಪಸು ಏರಿಸಿದ. ಮನೆಯಲ್ಲೇ ಗೆದ್ದ ಕೇಸಿನ ತೀರ್ಪು ಇರುವಾಗ ಯಾರಾದರೂ ಅದೇ ಹಾದಿ ಹಿಡಿಯುವುದಿಲ್ಲವೇ?

ಈ ಹಾದಿಯ ಅಪಾಯ ಅಂದರೆ ಹೊತ್ತು. ಜಾಗದಲ್ಲಿ ಕೂತವನಿಗೆ ಒಂದೊಂದು ದಿನವೂ ಲಾಭ. ಸಮಿತಿಯವರು ಎರಡೇ ದಿನದಲ್ಲಿ ಹಡಗು ಹತ್ತಿ, ಹವಾಯಿಯನ್ನು ಅಮೆರಿಕಕ್ಕೆ ವಿಲೀನ ಮಾಡಿಕೊಳ್ಳಿ ಎಂದು ಕೇಳಲು ವಾಷಿಂಗ್ಟನ್ನಿಗೆ ಹೊರಟರು. ರಾಣಿಯ ಕಡೆಯವರಿಗೆ ಅದೇ ಹಡಗಿನಲ್ಲಿ ಜಾಗ ಕೊಡಲಿಲ್ಲ. ಆದರೂ ಮೊದಲಿಗೆ ಹಾದಿ ಫಲಿಸುವಂತೆಯೇ ಕಂಡಿತು. ಮಾರ್ಚ್‌ನಲ್ಲಿ ಅಧ್ಯಕ್ಷರಾದ ಗ್ರೋವರ್ ಕ್ಲೀವ್‌ಲೆಂಡ್ ವಿಲೀನದ ಒಪ್ಪಂದವನ್ನು ವಾಪಸು ತೆಗೆದುಕೊಂಡು, ಜೇಮ್ಸ್ ಬ್ಲಂಟ್ ಎಂಬುವರನ್ನು ವಿಚಾರಣೆಗೆ ಕಳಿಸಿದರು. ಬ್ಲಂಟ್ ವರದಿ ರಾಣಿಯ ಪರ ಬಂತು.

ತಲೆ ಕಡಿಸುವ ಮಾತು ಬಂದದ್ದು ಇಲ್ಲಿ. ನವೆಂಬರ್‌ನಲ್ಲಿ ಹೊಸ ರಾಯಭಾರಿ ಆಲ್ಬರ್ಟ್ ವಿಲ್ಲಿಸ್ ರಾಣಿಯನ್ನು ಒಬ್ಬರನ್ನೇ ಕರೆಸಿ, ನಿಮ್ಮನ್ನು ಮತ್ತೆ ಕೂರಿಸಿದರೆ ದಂಗೆ ಎದ್ದವರನ್ನು ಕ್ಷಮಿಸುತ್ತೀರಾ ಎಂದು ಕೇಳಿದ. ರಾಣಿ ತಮ್ಮ ದೇಶದ ಕಾನೂನಿನ ಪ್ರಕಾರ ಅದಕ್ಕೆ ಮರಣದಂಡನೆ, ಆಸ್ತಿ ಜಪ್ತಿ ಎಂದರು. ವಿಲ್ಲಿಸ್ ತನ್ನ ವರದಿಯಲ್ಲಿ ತಲೆ ಕಡಿಸುವುದು ಎಂದೇ ಬರೆದ. ಆ ಪದ ನನ್ನ ಬಾಯಲ್ಲಿ ಬಂದಿಲ್ಲ ಎಂದು ರಾಣಿ ಕೊನೆಯವರೆಗೂ ಹೇಳಿದರು. ಪತ್ರಿಕೆಗಳು ಆಕೆಯನ್ನು ರಾಕ್ಷಸಿ ಮಾಡಿ ವ್ಯಂಗ್ಯಚಿತ್ರ ಬರೆದವು. ಪದ ಯಾವುದೇ ಇರಲಿ, ಕ್ಷಮೆಗೆ ಒಂದು ತಿಂಗಳು ಹಿಂದೆ ಮುಂದೆ ನೋಡಿದ್ದು ಅವರ ನಿಜವಾದ ತಪ್ಪು. ಡಿಸೆಂಬರ್ 18ಕ್ಕೆ ಒಪ್ಪಿದರು. ಅದೇ ದಿನ ಅತ್ತ ಕ್ಲೀವ್‌ಲೆಂಡ್ ಕೈಚೆಲ್ಲಿ ವಿಷಯವನ್ನು ಕಾಂಗ್ರೆಸ್ಸಿಗೆ ದಾಟಿಸಿದ್ದರು. ಮುಂಚೆಯೇ ಒಪ್ಪಿದ್ದರೆ ರಾಜ್ಯ ಬರುತ್ತಿತ್ತಾ? ನನಗೆ ಹಾಗನ್ನಿಸುವುದಿಲ್ಲ. ಅಧಿಕಾರ ಬಿಟ್ಟುಕೊಡಿ ಎಂದು ಕೇಳಿದಾಗ ಡೋಲ್ ಖಡಾಖಂಡಿತವಾಗಿ ಆಗಲ್ಲ ಅಂದ. ಅವನನ್ನು ಎಬ್ಬಿಸಲು ಅಮೆರಿಕ ತನ್ನವರ ಮೇಲೇ ಬಂದೂಕು ಎತ್ತಬೇಕಿತ್ತು. ಅದು ಆಗುವ ಮಾತಲ್ಲ. 1894ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನವನ್ನೇ ಹುಡುಕಿ, ಡೋಲ್ ಹವಾಯಿಯನ್ನು ಗಣರಾಜ್ಯವೆಂದು ಸಾರಿದ.

ಹಾಗಾದರೆ ಬಂದೂಕಿನ ಹಾದಿಯನ್ನು ಯಾರೂ ಹಿಡಿಯಲೇ ಇಲ್ಲವೇ ಅಂದರೆ, ಹಿಡಿದರು. 1895ರ ಜನವರಿಯಲ್ಲಿ ರಾಬರ್ಟ್ ವಿಲ್ಕಾಕ್ಸ್ ನೇತೃತ್ವದಲ್ಲಿ ರಾಣಿಯ ಕಡೆಯವರು ಎದ್ದರು. ಕೆಲವೇ ದಿನಗಳಲ್ಲಿ ಮುಗಿದುಹೋಯಿತು. ವಾಷಿಂಗ್ಟನ್ ಪ್ಲೇಸ್‌ನ ಹೂತೋಟದಲ್ಲಿ ಹೂತಿಟ್ಟ ಆಯುಧಗಳು ಸಿಕ್ಕವು. ರಾಣಿಗೆ ಏನೂ ಗೊತ್ತಿರಲಿಲ್ಲ ಎಂದು ಅವರ ಅಭಿಮಾನಿಗಳು ಹೇಳುತ್ತಾರೆ. ಹೊಸ ಸರ್ಕಾರಕ್ಕೆ ಬೇಕಾದ ನೇಮಕಾತಿ ಪತ್ರಗಳಿಗೆ ಮೊದಲೇ ಸಹಿ ಹಾಕಿಟ್ಟದ್ದು ಅವರದೇ ದಿನಚರಿಯಲ್ಲಿದೆ. ಮೊಮ್ಮಗಳಿಗೆ ಇದನ್ನೂ ಹೇಳಿ, ಅವಳಿಗೆ ಖುಷಿಯಾದೀತು.

ಜನವರಿ 16ಕ್ಕೆ ಬಂಧನ. 24ರಂದು ಇನ್ನೊಂದು ಕಾಗದ ಮುಂದಿಟ್ಟರು, ಸಿಂಹಾಸನದ ಹಕ್ಕು ಬಿಟ್ಟೆನೆಂದು. ಸಹಿ ಹಾಕದಿದ್ದರೆ ಸಿಕ್ಕಿಬಿದ್ದ ಬೆಂಬಲಿಗರಿಗೆ ಗಲ್ಲು ಎಂಬ ಬೆದರಿಕೆ. ತಮ್ಮೊಬ್ಬರ ಜೀವದ ಪ್ರಶ್ನೆಯಾಗಿದ್ದರೆ ಸಾವನ್ನೇ ಆರಿಸಿಕೊಳ್ಳುತ್ತಿದ್ದೆ ಎಂದು ಆಮೇಲೆ ಬರೆದರು. ಇಲ್ಲಿ ಸಹಿ ನೋಡಿ. 1893ರ ಪತ್ರದಲ್ಲಿ ರಾಣಿಯ ಸಹಿಯಿದೆ. 1895ರದರಲ್ಲಿ 'ಲಿಲಿಯುಓಕಲಾನಿ ಡೊಮಿನಿಸ್' ಎಂದಿದೆ. ಹಾಗೇ ಬರೆಯಬೇಕೆಂದು ಹೇಳಿ ಬರೆಸಿದ್ದು. ಅವರು ಜೀವನದಲ್ಲಿ ಎಂದೂ ಆ ಹೆಸರಿನಲ್ಲಿ ಸಹಿ ಹಾಕಿದವರೇ ಅಲ್ಲ. ಇಲ್ಲದ ಹೆಂಗಸಿನ ಸಹಿ ಎಂದು ಮುಂದೆ ವಾದಿಸಿದರು. ಮೂವತ್ತು ವರ್ಷದಲ್ಲಿ ಇಂಥ ಸಹಿಗಳನ್ನು ನಾನೂ ಕೆಲವು ನೋಡಿದ್ದೇನೆ. ಬಲವಂತದ ಕಾಗದದಲ್ಲಿ ಎಲ್ಲೋ ಒಂದು ಕಡೆ ಕೊಂಡಿ ಸಡಿಲ ಬಿಟ್ಟಿರುತ್ತಾರೆ.

ಅವರದೇ ಸಿಂಹಾಸನದ ಕೋಣೆಯಲ್ಲಿ ಮಿಲಿಟರಿ ವಿಚಾರಣೆ ನಡೆಯಿತು. ಸಂಚು ಗೊತ್ತಿದ್ದೂ ಹೇಳಲಿಲ್ಲ ಎಂಬ ಆರೋಪ. ಐದು ವರ್ಷ ಕಠಿಣ ಸಜೆ, 5,000 ಡಾಲರ್ ದಂಡ. ಸಜೆಯನ್ನು ನೀವು ನೋಡಿದ ಆ ಮಹಡಿ ಕೋಣೆಯ ಸೆರೆಗೆ ಇಳಿಸಿದರು. ಅಮೆರಿಕದ ಶ್ವೇತಭವನಕ್ಕಿಂತ ಮೊದಲೇ ವಿದ್ಯುತ್ ದೀಪ ಹತ್ತಿದ ಅರಮನೆ ಅದು, ಒಳಗೆ ಅದರ ಯಜಮಾನಿಯೇ ಕೈದಿ. ಜೊತೆಗೆ ಒಬ್ಬರೇ ಸಂಗಾತಿ, ವಿಲ್ಸನ್ ಎಂಬಾಕೆ. ಪತ್ರಿಕೆ ಕೊಡುತ್ತಿರಲಿಲ್ಲ. ಆದರೆ ಆಕೆಯ ಮಗ ರಾಣಿಯ ತೋಟದಿಂದ ಹೂ ತರುತ್ತಿದ್ದ. ಹೂವನ್ನು ಸುತ್ತಿದ್ದು ಪತ್ರಿಕೆಯ ಹಾಳೆಯಲ್ಲಿ! ಹೂ ಬಿಡಿಸಿಟ್ಟು ಸುಕ್ಕಾದ ಹಾಳೆ ಓದುತ್ತಿದ್ದರು.

ಆ ಕೌದಿ ಶುರುವಾದದ್ದು ಅಲ್ಲೇ. ಒಂಬತ್ತು ದೊಡ್ಡ ಚೌಕಗಳು, ರೇಷ್ಮೆ, ಮಖಮಲ್ಲು, ರಿಬ್ಬನ್ ತುಂಡುಗಳು. ನಮ್ಮ ಕೌದಿಯ ಹಾಗೆ ಹೊದೆಯಲಿಕ್ಕಲ್ಲ. ನೀವು ಫೋಟೊ ತೆಗೆದಿದ್ದರೆ ನಡುವಿನ ಚೌಕವನ್ನು ದೊಡ್ಡದು ಮಾಡಿ ನೋಡಿ. ಹವಾಯಿಯ ಬಾವುಟ, ಹೆಸರು, ಸೆರೆಯಾದ ತಾರೀಖು, ಬಿಡುಗಡೆಯ ತಾರೀಖು, ಎಲ್ಲ ದಾರದಲ್ಲಿದೆ. ಅದೂ ಒಂದು ದಾಖಲೆಯೇ. ಪೆಟ್ಟಿಗೆಗೆ ಬೀಗ ಹಾಕಿ ಕಾಗದಪತ್ರ ಒಯ್ದರೂ ಹೆಂಗಸಿನ ಹೊಲಿಗೆಯನ್ನು ಯಾರೂ ತಡಕಾಡುವುದಿಲ್ಲವಲ್ಲ. 1895ರ ಸೆಪ್ಟೆಂಬರ್ 6ರಂದು ಆ ಕೋಣೆಯಿಂದ ಹೊರಬಂದರು.

ಹೊರಬಂದವರು ಸುಮ್ಮನೆ ಕೂರಲಿಲ್ಲ. ವಾಷಿಂಗ್ಟನ್ನಿಗೆ ಹೋಗಿ, 1897ರಲ್ಲಿ ವಿಲೀನದ ಹೊಸ ಒಪ್ಪಂದ ಬಂದಾಗ ಮತ್ತೆ ತಕರಾರು ಸಲ್ಲಿಸಿದರು. ಅದೇ ವರ್ಷ ಊರೂರು ಸುತ್ತಿ ಹವಾಯಿಯ ಗಂಡಸರು, ಹೆಂಗಸರು ವಿಲೀನ ಬೇಡ ಎಂಬ ಅರ್ಜಿಗೆ ಸಹಿ ಕೂಡಿಸಿದರು. 556 ಪುಟ, 21,269 ಸಹಿ. ಮೂಲ ಹವಾಯಿಯನ್ನರ ಸಂಖ್ಯೆಯೇ, ಮಕ್ಕಳು ಮರಿ ಎಲ್ಲ ಸೇರಿ, 40 ಸಾವಿರದಷ್ಟು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ನಾಲ್ಕು ಜನ ಅದನ್ನು ಹೊತ್ತುಕೊಂಡು ಹೋದರು. ಸೆನೆಟ್‌ನಲ್ಲಿ ಮೂರನೇ ಎರಡು ಬಹುಮತ ಕೂಡಲೇ ಇಲ್ಲ, ಒಪ್ಪಂದ ಬಿತ್ತು. ಕಾಗದದ ಯುದ್ಧದಲ್ಲಿ ಗೆದ್ದದ್ದೂ ಉಂಟು!

ಆದರೆ 1898ರಲ್ಲಿ ಸ್ಪೇನ್ ಜೊತೆ ಯುದ್ಧ ಬಂತು. ಫಿಲಿಪ್ಪೀನ್ಸ್‌ಗೆ ಹೋಗುವ ದಾರಿಯಲ್ಲಿ ಬಂದರು ಬೇಕಾಯಿತು. ಒಪ್ಪಂದವಾಗದಿದ್ದರೇನು, ಎರಡೂ ಸದನದಲ್ಲಿ ಬರೀ ಬಹುಮತದ ನಿರ್ಣಯ ಸಾಕು ಎಂದು ದಾರಿ ಬದಲಿಸಿದರು. ಆಗಸ್ಟ್ 12ರಂದು ಇಯೋಲಾನಿಯ ಮೇಲಿನ ಬಾವುಟ ಇಳಿಯಿತು. ರಾಣಿ ಆ ಕಡೆ ಸುಳಿಯಲಿಲ್ಲ. ಆ ಅರ್ಜಿಯ ಪುಟಗಳು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ನೂರು ವರ್ಷದ ಹತ್ತಿರ ಮಲಗಿದ್ದವು. 1990ರ ದಶಕದಲ್ಲಿ ನೋಯೆನೋಯೆ ಸಿಲ್ವಾ ಎಂಬ ಹವಾಯಿಯನ್ ವಿದ್ವಾಂಸೆ ಹುಡುಕಿ ತೆಗೆದರು. ತಮ್ಮ ಮುತ್ತಜ್ಜಿಯ ಸಹಿಯನ್ನು ಅದರಲ್ಲಿ ಬೆರಳಿಟ್ಟು ಹುಡುಕುವವರು ಈಗ ಹವಾಯಿಯಲ್ಲಿ ಎಷ್ಟೋ ಜನ.

ಆಮೇಲಿನದ್ದನ್ನು ಬೇಗ ಹೇಳುತ್ತೇನೆ. ರಾಜಮನೆತನದ ಜಮೀನಿಗಾಗಿ ಅಮೆರಿಕದ ಮೇಲೇ ಕೇಸು ಹಾಕಿದರು, 1910ರಲ್ಲಿ ಸೋತರು. 1909ರಲ್ಲಿ ತಮ್ಮ ಆಸ್ತಿಯನ್ನು ಹವಾಯಿಯ ಅನಾಥ ಮಕ್ಕಳಿಗೆಂದು ಟ್ರಸ್ಟ್ ಮಾಡಿಟ್ಟರು, ಅದು ಈಗಲೂ ನಡೆಯುತ್ತಿದೆ. 1917ರ ನವೆಂಬರ್ 11ರಂದು, 79ರ ವಯಸ್ಸಿನಲ್ಲಿ ತೀರಿಕೊಂಡರು. ಹವಾಯಿಯ ಕೊನೆಯ ದೊರೆ ಅವರು. ಪಾಲಿನೇಷ್ಯಾದ ಕೊನೆಯ ರಾಣಿ ಎಂದು ಮಾತ್ರ ಹೇಳಬೇಡಿ. ಟೋಂಗಾದಲ್ಲಿ ರಾಣಿ ಸಾಲೋಟೆ 1918ರಿಂದ 1965ರವರೆಗೆ ಆಳಿದರು.

1893ರ ಆ ತಕರಾರು ಪತ್ರ ಕೊನೆಗೆ ಎಲ್ಲಿಗೆ ತಲುಪಿತು ಗೊತ್ತಾ? ನೂರು ವರ್ಷವಾದ ಮೇಲೆ, 1993ರಲ್ಲಿ, ಅಮೆರಿಕದ ಕಾಂಗ್ರೆಸ್ ಹವಾಯಿಯನ್ನರ ಕ್ಷಮೆ ಕೇಳುವ ನಿರ್ಣಯ ಮಾಡಿತು, ನವೆಂಬರ್ 23ರಂದು ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದರು. ಆ ಕಾನೂನಿನ ಒಳಗೆ ರಾಣಿಯ ಒಕ್ಕಣೆಯೇ ಇದೆ, ಅವರ ಮಾತಿನಲ್ಲೇ. ಡೋಲ್ ಬರೆದದ್ದು ಯಾವುದೂ ಇಲ್ಲ. 18 ಲಕ್ಷ ಎಕರೆ ಜಮೀನು ಒಪ್ಪಿಗೆಯಿಲ್ಲದೆ, ಪರಿಹಾರವಿಲ್ಲದೆ ಹೋಯಿತು ಎಂದೂ ಅದರಲ್ಲೇ ಒಪ್ಪಿಕೊಂಡಿದ್ದಾರೆ. ವಾಪಸು ಮಾತ್ರ ಕೊಟ್ಟಿಲ್ಲ. ಈ ನಿರ್ಣಯದಿಂದ ಯಾವ ಹಕ್ಕಿನ ವ್ಯಾಜ್ಯವೂ ತೀರಿದಂತಲ್ಲ ಎಂದು ಕೊನೆಯಲ್ಲಿ ಒಂದು ಸಾಲು ಬೇರೆ ಸೇರಿಸಿದ್ದಾರೆ. ವಕೀಲರ ಬುದ್ಧಿ!

ಮೊಮ್ಮಗಳಿಗೆ ಹೇಳಲು ಇಷ್ಟು ಸಾಕೆನ್ನಿಸುತ್ತದೆ. ಭಾಷಣದಲ್ಲಿ 'ಅಲೋಹಾ ಓಯ್' ಹಾಕುವ ಯೋಚನೆ ಇದ್ದರೆ ಕೊನೆಯಲ್ಲಿ ಹಾಕಬೇಡಿ, ಎಲ್ಲರೂ ಕಣ್ಣೊರೆಸಿಕೊಂಡು ಎದ್ದುಹೋಗುತ್ತಾರೆ. ಶುರುವಿನಲ್ಲೇ ಹಾಕಿ. ಹುಡುಗಿಯೊಬ್ಬಳು ಹುಡುಗನನ್ನು ತಬ್ಬಿಕೊಂಡದ್ದನ್ನು ನೋಡಿ, ಕುದುರೆ ಮೇಲೆ ಕೂತು ಗುನುಗಿದ್ದು ಎಂದು ಹೇಳಿ ಹಾಕಿ.